ತಪ್ಪು ಅವರದು, ಗೀರು ನಮ್ಮದು: ವಿಮೆ ಕಂಪನಿಗೆ ಹೇಳಬೇಕೇ?

ವಿಮೆ ಕಂಪನಿಗೆ ತಿಳಿಸುವುದು ಬೇರೆ, ಕ್ಲೇಮ್ ಮಾಡುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಜನ ಸಣ್ಣಪುಟ್ಟ ಅಪಘಾತಗಳ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಹಿಂದಿನಿಂದ ಯಾರೋ ಬಂದು ತಾಗಿಸಿದರು, ಬಂಪರ್ ಸ್ವಲ್ಪ ಉಜ್ಜಿತು, ಅವರು 'ಸಾರಿ' ಅಂದರು, ನೀವು 'ಇರಲಿ ಬಿಡಿ' ಅಂದಿರಿ. ಕಂಪನಿಗೆ ಹೇಳಿದರೆ ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ತಪ್ಪಂತೂ ನಮ್ಮದಲ್ಲ, ಮತ್ತೆ ಯಾಕೆ ಹೇಳಬೇಕು ಎನ್ನುವುದು ಎಲ್ಲರ ಲೆಕ್ಕ. ಈ ಲೆಕ್ಕದ ಮೊದಲ ಅರ್ಧ ಪೂರ್ತಿ ನಿಜವಲ್ಲ, ಎರಡನೆಯ ಅರ್ಧಕ್ಕೆ ಪಾಲಿಸಿಯ ಷರತ್ತುಗಳಲ್ಲಿ ಜಾಗವೇ ಇಲ್ಲ.

ಷರತ್ತುಗಳನ್ನೇ ನೋಡೋಣ. ಹೆಚ್ಚುಕಡಿಮೆ ಎಲ್ಲ ದೇಶಗಳ ಮೋಟಾರು ಪಾಲಿಸಿಗಳಲ್ಲೂ ಅಪಘಾತವಾದರೆ ಕೂಡಲೇ, ಇಲ್ಲವೇ ಇಂತಿಷ್ಟು ದಿನದೊಳಗೆ ತಿಳಿಸಬೇಕು ಎಂಬ ಮಾತು ಇರುತ್ತದೆ. 'ತಪ್ಪು ನಿಮ್ಮದಲ್ಲದಿದ್ದರೆ ಬೇಡ' ಎಂಬ ವಿನಾಯಿತಿ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಭಾರತದ ಮೋಟಾರು ವಾಹನ ಕಾಯ್ದೆ, 1988ರ 134ನೇ ಕಲಮು ಇನ್ನೂ ಸ್ಪಷ್ಟ. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಅಥವಾ ಮೂರನೆಯವರ ಆಸ್ತಿಗೆ ಹಾನಿಯಾಗಿದ್ದರೆ ಚಾಲಕ ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಬೇಕು: ಪಾಲಿಸಿ ಸಂಖ್ಯೆ ಮತ್ತು ಅವಧಿ, ಅಪಘಾತದ ದಿನ, ಸಮಯ, ಸ್ಥಳ, ಗಾಯಗೊಂಡವರ ವಿವರ, ಚಾಲಕನ ಹೆಸರು ಮತ್ತು ಡಿಎಲ್ ವಿವರ. ತಪ್ಪು ಯಾರದು ಎಂಬ ಮಾತೇ ಆ ಕಲಮಿನಲ್ಲಿ ಬರುವುದಿಲ್ಲ. ಫ್ರಾನ್ಸಿನಲ್ಲಿ ಇಬ್ಬರೂ ಚಾಲಕರು ಒಂದೇ ನಮೂನೆ ತುಂಬಿ, ಸಹಿ ಮಾಡಿ, ಆಳಿಗೊಂದು ಪ್ರತಿ ಇಟ್ಟುಕೊಂಡು, ಐದು ಕೆಲಸದ ದಿನಗಳೊಳಗೆ ತಂತಮ್ಮ ಕಂಪನಿಗೆ ಕಳಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹಾನಿ 1,000 ಡಾಲರ್ ದಾಟಿದರೆ ಅಥವಾ ಯಾರಿಗಾದರೂ ಸಣ್ಣ ಗಾಯವಾದರೂ, ತಪ್ಪು ಯಾರದೇ ಇರಲಿ, 10 ದಿನದೊಳಗೆ ಮೋಟಾರು ವಾಹನ ಇಲಾಖೆಗೂ ವರದಿ ಹೋಗಬೇಕು.

ಷರತ್ತು ಇದೆ ಎನ್ನುವುದಕ್ಕಷ್ಟೇ ಹೇಳಬೇಕು ಎಂದಲ್ಲ. 'ತಪ್ಪು ಅವರದು' ಎನ್ನುವುದು ರಸ್ತೆಯಲ್ಲಿ ನಿಂತಾಗಿನ ಮಾತು. ದಾಖಲೆಯಲ್ಲಿ ಅದು ಇನ್ನೂ ತೀರ್ಮಾನವಾಗಿರುವುದಿಲ್ಲ. ಸ್ಥಳದಲ್ಲಿ ಕೈಮುಗಿದು ಒಪ್ಪಿಕೊಂಡವರು ಮನೆಗೆ ಹೋಗಿ, ಮನೆಯವರ ಮಾತು ಕೇಳಿ, ಗ್ಯಾರೇಜಿನ ಅಂದಾಜು ನೋಡಿ, ಮೂರನೆಯ ದಿನ ತಮ್ಮ ಕಂಪನಿಗೆ 'ಮುಂದಿನ ಕಾರು ಏಕಾಏಕಿ ರಿವರ್ಸ್ ಬಂತು' ಎಂದು ಹೇಳಿಕೆ ಕೊಡುವುದು ಅಪರೂಪವೇನಲ್ಲ. ಆ ಹೇಳಿಕೆ ನಿಮ್ಮ ಕಂಪನಿಗೆ ತಲುಪಿದಾಗ ಅವರ ಕಡತದಲ್ಲಿ ನಿಮ್ಮ ಕಡೆಯ ಒಂದು ಸಾಲೂ ಇರುವುದಿಲ್ಲ. ಮೊದಲು ಬರೆದವರ ಮಾತೇ ಗೆಲ್ಲುತ್ತದೆ ಎಂದಲ್ಲ, ಆದರೆ ಮೂರು ತಿಂಗಳ ನಂತರ ನೆನಪಿನಿಂದ ಬರೆದ ಉತ್ತರಕ್ಕೆ ಅದೇ ದಿನ ಬರೆದ ನಾಲ್ಕು ಸಾಲಿನ ತೂಕ ಬರುವುದಿಲ್ಲ.

ಗಾಯದ ವಿಷಯವೂ ಹೀಗೆಯೇ. ಹಿಂದಿನಿಂದ ಗುದ್ದಿದಾಗ ಕತ್ತು ಜಗ್ಗಿದ ನೋವು ಎಷ್ಟೋ ಸಲ ಮಾರನೆಯ ದಿನ ಕಾಣಿಸಿಕೊಳ್ಳುತ್ತದೆ. ಅದು ನಿಮಗೂ ಬರಬಹುದು, ಅವರ ಕಾರಿನಲ್ಲಿದ್ದವರಿಗೂ ಬರಬಹುದು, ಬಂದಿದೆ ಎಂದು ಹೇಳಿಕೊಳ್ಳಲೂಬಹುದು. ಭಾರತದಲ್ಲಿ ಈಗ ಮೋಟಾರು ಅಪಘಾತ ಕ್ಲೇಮ್ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆ ಕೊಡುವ ಅವಧಿ ಅಪಘಾತದ ದಿನದಿಂದ ಆರು ತಿಂಗಳು. ಇಂಗ್ಲೆಂಡಿನಲ್ಲಿ ದೈಹಿಕ ಗಾಯದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ಒಂದು ವಾರ ಯಾರೂ ಫೋನ್ ಮಾಡಲಿಲ್ಲ ಎಂದರೆ ವಿಷಯ ಮುಗಿಯಿತು ಎಂದರ್ಥವಲ್ಲ.

ಇನ್ನು ಬಂಪರ್. ಈಗಿನ ಕಾರುಗಳಲ್ಲಿ ಹೊರಗೆ ಕಾಣುವುದು ಬರೀ ಪ್ಲಾಸ್ಟಿಕ್ ಹೊದಿಕೆ. ಪೆಟ್ಟು ಬಿದ್ದಾಗ ಅದು ಒಳಕ್ಕೆ ಹೋಗಿ ಮತ್ತೆ ತನ್ನ ಆಕಾರಕ್ಕೆ ಬಂದುಬಿಡುತ್ತದೆ. ನೋಡಿದವರಿಗೆ ಬರೀ ಗೀರು. ಒಳಗೆ ಅದರ ಹಿಂದೆಯೇ ಪೆಟ್ಟು ತಡೆಯುವ ಫೋಮ್ ಇರುತ್ತದೆ, ಅದು ಒಮ್ಮೆ ಪುಡಿಯಾದರೆ ಮತ್ತೆ ಮೊದಲಿನಂತಾಗುವುದಿಲ್ಲ. ಅದರ ಹಿಂದೆ ಅಡ್ಡಲಾಗಿ ಲೋಹದ ಬೀಮ್, ಬೀಮನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್‌ಗಳು, ಹೊದಿಕೆಯನ್ನು ಕಚ್ಚಿಕೊಂಡಿರುವ ಕ್ಲಿಪ್‌ಗಳು. ಪಾರ್ಕಿಂಗ್ ಸೆನ್ಸರ್‌ಗಳು ಹೊದಿಕೆಯಲ್ಲೇ ಕೂತಿರುತ್ತವೆ. ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲಿ ಕಾಣದ ಜಾಗ) ಎಚ್ಚರಿಕೆ ಇರುವ ಕಾರಾದರೆ ಹಿಂದಿನ ಎರಡೂ ಮೂಲೆಗಳಲ್ಲಿ, ಹೊದಿಕೆಯ ಮರೆಯಲ್ಲಿ ರಾಡಾರ್ ಇರುತ್ತದೆ. ಅದರ ಬ್ರಾಕೆಟ್ ಚೂರು ತಿರುಗಿದರೂ ಅದು ನೋಡುವ ದಿಕ್ಕೇ ಬದಲಾಗುತ್ತದೆ, ಮತ್ತೆ ಕ್ಯಾಲಿಬ್ರೇಶನ್ ಮಾಡಿಸಬೇಕು. ಬಂಪರ್ ಬಿಚ್ಚದೆ ಇವು ಯಾವುವೂ ಕಾಣುವುದಿಲ್ಲ.

ಬಿಚ್ಚಿಸುವ ಮೊದಲು ನೀವೇ ನೋಡಬಹುದಾದದ್ದು ಇಷ್ಟಿದೆ. ಡಿಕ್ಕಿಯ ಬಾಗಿಲು ತೆರೆದು ಮುಚ್ಚಿ, ಮೊದಲಿನಷ್ಟೇ ಸಲೀಸಾಗಿ ಲಾಕ್ ಆಗುತ್ತದೆಯೇ ನೋಡಿ. ಬಾಗಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದು ಎಡಬಲ ಒಂದೇ ಸಮ ಇದೆಯೇ ಎಂದು ಬೆರಳಿಟ್ಟು ಅಳೆಯಿರಿ. ಸಾಮಾನು ಇಡುವ ಜಾಗದ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು, ಅದರ ಗುಂಡಿಯ ಹಿಂಭಾಗದ ತಗಡಿನಲ್ಲಿ ಸುಕ್ಕು ಬಿದ್ದಿದೆಯೇ, ಬೆಸುಗೆಯ ಅಂಚಿನ ಸೀಲರ್ ಬಿರುಕು ಬಿಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಸೀಲರ್ ಬಿರಿದಿದ್ದರೆ ಮೊದಲ ಮಳೆಗೆ ನೀರು ಒಳಗೆ ಬರುತ್ತದೆ. ಪೆಟ್ಟು ಮುಂದೆ ಬಿದ್ದಿದ್ದರೆ ಬಾನೆಟ್ ಲಾಕ್, ಹೆಡ್‌ಲೈಟನ್ನು ಹಿಡಿದಿಡುವ ಕಿವಿಗಳು, ಮತ್ತು ಎಲ್ಲಕ್ಕಿಂತ ಮುಂದೆ ಕೂತಿರುವ ಎಸಿ ಕಂಡೆನ್ಸರ್ ನೋಡಬೇಕು. ಕಂಡೆನ್ಸರ್‌ನಲ್ಲಿ ಸೂಜಿಮೊನೆಯಷ್ಟು ತೂತಾಗಿದ್ದರೆ ಗ್ಯಾಸ್ ನಿಧಾನವಾಗಿ ಹೋಗಿ, ಎಸಿ ತಣ್ಣಗಾಗದಿರುವುದು ಎರಡು ವಾರದ ಮೇಲೆ ಗೊತ್ತಾಗುತ್ತದೆ. ಪಕ್ಕದಿಂದ ಚಕ್ರಕ್ಕೆ ತಾಗಿದ್ದರೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ನೆಟ್ಟಗಿದೆಯೇ, ಕಾರು ಒಂದು ಕಡೆಗೆ ಎಳೆಯುತ್ತದೆಯೇ ನೋಡಿ, ಅಲೈನ್‌ಮೆಂಟ್ ಮಾಡಿಸಿ ಆ ಪ್ರಿಂಟ್‌ಔಟ್ ಇಟ್ಟುಕೊಳ್ಳಿ. ಆ ಕಾಗದದಲ್ಲಿ ಪೆಟ್ಟು ಬಿದ್ದ ಚಕ್ರದ ಕೋನವೊಂದೇ ಮಿತಿ ಮೀರಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೀಗೆ ಆಮೇಲೆ ಕಂಡ ಹಾನಿಗೆ ಕ್ಲೇಮ್ ಮಾಡಲು ಹೋದರೆ ಕಂಪನಿಯ ಮೊದಲ ಪ್ರಶ್ನೆ 'ಯಾವಾಗ ಆಯಿತು, ಆಗಲೇ ಯಾಕೆ ಹೇಳಲಿಲ್ಲ' ಎಂಬುದೇ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಕ್ಲೇಮ್ ತಿರಸ್ಕರಿಸಬಾರದು ಎಂದು ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ಸುತ್ತೋಲೆ ತೋರಿಸಿ ವಾದ ಮಾಡುವುದಕ್ಕಿಂತ ಅದೇ ದಿನ ಒಂದು ಇಮೇಲ್ ಹಾಕುವುದು ಸುಲಭ.

ಸ್ಥಳದಲ್ಲಿ

ಯಾರಿಗೂ ತೊಂದರೆಯಾಗಿಲ್ಲ ಎಂದು ನೋಡಿಕೊಂಡ ಮೇಲೆ, ಕಾರು ಪಕ್ಕಕ್ಕೆ ತೆಗೆಯುವ ಮುನ್ನ, ಸಾಧ್ಯವಾದರೆ ಎರಡೂ ಕಾರು ಒಂದೇ ಚೌಕಟ್ಟಿನಲ್ಲಿ ಬರುವಂತೆ ದೂರದಿಂದ ಎರಡು ಫೋಟೊ. ರಸ್ತೆಯ ಗೆರೆ, ಸಿಗ್ನಲ್ ಕಂಬ, ಅಂಗಡಿ ಬೋರ್ಡು ಏನಾದರೂ ಕಾಣಲಿ. ಆಮೇಲೆ ಕಾರು ತೆಗೆದು ಹತ್ತಿರದ ಫೋಟೊಗಳು: ನಿಮ್ಮ ಹಾನಿ, ಅವರ ಹಾನಿ, ಮತ್ತು ಬಹಳ ಜನ ಬಿಟ್ಟುಬಿಡುವ ಒಂದು, ಅವರ ಕಾರಿನ ಹಾನಿಯಾಗದ ಭಾಗಗಳು. ನಾಲ್ಕೂ ಕಡೆಯಿಂದ ಅವರ ಕಾರಿನ ಫೋಟೊ ಇದ್ದರೆ, ಹಳೆಯ ಡೋರ್ ಡೆಂಟ್ ಅನ್ನು ಈ ಅಪಘಾತದ ಲೆಕ್ಕಕ್ಕೆ ಸೇರಿಸಲು ಆಗುವುದಿಲ್ಲ. ಒಳಗೆ ಎಷ್ಟು ಜನ ಕೂತಿದ್ದರು ಎನ್ನುವುದೂ ಗೊತ್ತಾಗುವಂತಿರಲಿ. ಕಾರಿನಲ್ಲಿ ಇಲ್ಲದವರ ಹೆಸರಿನಲ್ಲಿ ಗಾಯದ ಕ್ಲೇಮ್ ಬರುವುದು ವಿಮೆ ಲೋಕದ ಹಳೆಯ ಮೋಸ.

ಗೀರಿನ ಎತ್ತರ ನೆಲದಿಂದ ಎಷ್ಟು ಎಂದು ಟೇಪ್ ಹಿಡಿದೋ, ಟೇಪ್ ಇಲ್ಲದಿದ್ದರೆ ನೀರಿನ ಬಾಟಲಿ ಪಕ್ಕಕ್ಕಿಟ್ಟೋ ಒಂದು ಫೋಟೊ ತೆಗೆಯಿರಿ. ಎರಡು ಕಾರಿನ ಗುರುತುಗಳ ಎತ್ತರ ಹೊಂದಿಕೆಯಾಗುತ್ತದೆಯೇ ಎಂಬುದನ್ನು ಸರ್ವೇಯರ್ (ಹಾನಿ ಅಂದಾಜಿಸಲು ಕಂಪನಿ ಕಳಿಸುವವರು) ಮೊದಲು ನೋಡುತ್ತಾರೆ. ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳಿಸಿ ಫೋನಿನಿಂದ ಅಳಿಸಿಬಿಡಬೇಡಿ. ಅಲ್ಲಿ ಫೋಟೊ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿಯೂ ಹೋಗುತ್ತದೆ, ಆದ್ದರಿಂದ ಮೂಲ ಫೈಲ್ ಬೇಕು. ಡ್ಯಾಶ್‌ಕ್ಯಾಮ್ ಇದ್ದರೆ ಆ ತುಣುಕನ್ನು ಕೂಡಲೇ ಲಾಕ್ ಮಾಡಿ ಅಥವಾ ಕಾರ್ಡ್ ತೆಗೆದುಬಿಡಿ. ಕಾರ್ಡ್ ತುಂಬಿದ ಮೇಲೆ ಅದು ಹಳೆಯದರ ಮೇಲೆಯೇ ಬರೆಯುತ್ತಾ ಹೋಗುತ್ತದೆ.

ಅವರ ಹೆಸರು, ಫೋನ್, ವಾಹನ ಸಂಖ್ಯೆ, ವಿಮೆ ಕಂಪನಿ ಹೆಸರು ಕೇಳಿ. ಕೊಡದಿದ್ದರೆ ವಾಹನ ಸಂಖ್ಯೆಯೊಂದೇ ಸಾಕು. ಭಾರತದಲ್ಲಿ ಸರ್ಕಾರದ ಪರಿವಾಹನ್ ವ್ಯವಸ್ಥೆಯಲ್ಲಿ, ಬ್ರಿಟನ್ನಿನಲ್ಲಿ ಮೋಟಾರು ವಿಮೆಯ ದತ್ತಾಂಶದಲ್ಲಿ ವಾಹನ ಸಂಖ್ಯೆ ಹಾಕಿ ವಿಮೆಯ ವಿವರ ನೋಡಬಹುದು. ಇನ್ನೊಂದು ಮಾತು: 'ನನ್ನದೇ ತಪ್ಪು', 'ಖರ್ಚು ನಾನು ಕೊಡುತ್ತೇನೆ' ಎಂದು ನೀವು ಹೇಳಬೇಡಿ, ಬರೆದಂತೂ ಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಭರವಸೆ, ಪಾವತಿ ಮಾಡಬಾರದು ಎಂಬುದು ಭಾರತದ ಮೋಟಾರು ಪಾಲಿಸಿಯ ಷರತ್ತುಗಳಲ್ಲೇ ಇದೆ, ಬೇರೆ ಕಡೆಯ ಪಾಲಿಸಿಗಳಲ್ಲೂ ಇದಕ್ಕೆ ಹೋಲುವ ಮಾತಿರುತ್ತದೆ. ಹಾಗೆಂದು ಪೆಟ್ಟಾಯಿತೇ ಎಂದು ವಿಚಾರಿಸುವುದಕ್ಕೆ, ನೀರು ಕೊಡುವುದಕ್ಕೆ ಯಾವ ಷರತ್ತೂ ಅಡ್ಡ ಬರುವುದಿಲ್ಲ.

ತಿಳಿಸುವುದು ಹೇಗೆ

ಪಾಲಿಸಿ ಕಾಗದದ ಮೇಲಿರುವ ನಂಬರಿಗೇ ಫೋನ್ ಮಾಡಿ. ಗಾಬರಿಯಲ್ಲಿ ಮೊಬೈಲಿನಲ್ಲಿ ಹುಡುಕಿ ಮೊದಲು ಸಿಕ್ಕ ನಂಬರಿಗೆ ಮಾಡಿದರೆ ಅದು ಜಾಹೀರಾತು ಕೊಟ್ಟು ಮೇಲೆ ಕೂತ ಮಧ್ಯವರ್ತಿಯದೋ, ಮೋಸಗಾರರದೋ ಆಗಿರಬಹುದು. ಏಜೆಂಟರಿಗೆ ಹೇಳಿದೆ, ಶೋರೂಮಿನ ಹುಡುಗನಿಗೆ ಹೇಳಿದೆ ಎನ್ನುವುದು ಸಾಲದು. ಅವರು ಕಂಪನಿಗೆ ದಾಟಿಸಿದರೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ, ಜಗಳ ಬಂದಾಗ ನಿಮ್ಮ ಕೈಯಲ್ಲಿ ಕಂಪನಿಯ ಉಲ್ಲೇಖ ಸಂಖ್ಯೆ ಇರಬೇಕು. ಆದ್ದರಿಂದ ಫೋನಿನ ಜೊತೆಗೆ ಇಮೇಲ್ ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಹೆಚ್ಚೇನೂ ಬರೆಯಬೇಕಿಲ್ಲ:

"ಪಾಲಿಸಿ ಸಂಖ್ಯೆ ___, ವಾಹನ ___. ದಿನಾಂಕ ___, ಸಮಯ ___, ಸ್ಥಳ ___. ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿನ ಹಿಂಭಾಗಕ್ಕೆ ___ ಸಂಖ್ಯೆಯ ವಾಹನ ಬಂದು ತಾಗಿದೆ. ಚಾಲಕರು ___, ಡಿಎಲ್ ___. ನನ್ನ ಕಾರಿನಲ್ಲಿ ಇಬ್ಬರು, ಆ ವಾಹನದಲ್ಲಿ ಒಬ್ಬರು ಇದ್ದರು. ಗಾಯದ ಬಗ್ಗೆ ಸ್ಥಳದಲ್ಲಿ ಯಾರೂ ಹೇಳಲಿಲ್ಲ. ಹಿಂದಿನ ಬಂಪರಿನ ಎಡಮೂಲೆಯಲ್ಲಿ ಗೀರು ಕಾಣುತ್ತಿದೆ, ಒಳಗಿನ ಹಾನಿ ಇನ್ನೂ ಪರೀಕ್ಷಿಸಿಲ್ಲ. ಇದು ಮಾಹಿತಿಗಾಗಿ ಮಾತ್ರ. ಸದ್ಯ ಕ್ಲೇಮ್ ಮಾಡುತ್ತಿಲ್ಲ, ಅಗತ್ಯ ಬಿದ್ದರೆ ಮಾಡುವ ಹಕ್ಕು ಉಳಿಸಿಕೊಂಡಿದ್ದೇನೆ. ಉಲ್ಲೇಖ ಸಂಖ್ಯೆ ನೀಡಿ, ಇದನ್ನು ಹೇಗೆ ದಾಖಲಿಸಿದ್ದೀರಿ ಎಂದು ತಿಳಿಸಿ."

ಇಲ್ಲಿ 'ಯಾರಿಗೂ ಗಾಯವಾಗಿಲ್ಲ' ಎಂದು ಬರೆದಿಲ್ಲ, 'ಯಾರೂ ಹೇಳಲಿಲ್ಲ' ಎಂದಿದೆ. ನಿಮಗೆ ಗೊತ್ತಿರುವುದು ಅಷ್ಟೇ. 'ಗೀರು ಮಾತ್ರ ಆಗಿದೆ' ಎಂದಿಲ್ಲ, 'ಗೀರು ಕಾಣುತ್ತಿದೆ' ಎಂದಿದೆ. ನಾಳೆ ಒಳಗಿನ ಬೀಮ್ ಬಾಗಿರುವುದು ಸಿಕ್ಕಿದರೆ ನಿಮ್ಮ ಮೊದಲ ಪತ್ರವೇ ನಿಮಗೆ ಎದುರು ನಿಲ್ಲಬಾರದು. ಎದುರಿನವರ ವೇಗ, ಅವರು ಫೋನ್ ನೋಡುತ್ತಿದ್ದರು ಎಂಬಂಥ ಊಹೆಗಳೂ ಬೇಡ. ಕಣ್ಣಾರೆ ಕಂಡಿದ್ದರೆ ಬರೆಯಿರಿ.

ಫೋನಿನಲ್ಲಿ ಎಡವುವುದು ಬೇರೆ ರೀತಿ. ಕಾಲ್ ಸೆಂಟರಿನವರ ಪರದೆಯಲ್ಲಿ 'ಕ್ಲೇಮ್ ನೋಂದಾಯಿಸು' ಎಂಬ ಗುಂಡಿ ಸುಲಭವಾಗಿ ಸಿಗುತ್ತದೆ, 'ಮಾಹಿತಿ ಮಾತ್ರ' ಎಂಬುದನ್ನು ಅವರು ಹುಡುಕಬೇಕು. ಮೊದಲ ವಾಕ್ಯದಲ್ಲೇ 'ಕ್ಲೇಮ್ ಅಲ್ಲ, ಇಂಟಿಮೇಶನ್' ಎಂದು ಹೇಳಿ, ಮುಗಿಸುವಾಗ ಇನ್ನೊಮ್ಮೆ ಹೇಳಿ. ವರ್ಕ್‌ಶಾಪಿನ ಇನ್ಶೂರೆನ್ಸ್ ಡೆಸ್ಕಿನಲ್ಲೂ ಇದೇ ಎಚ್ಚರ. 'ಎಸ್ಟಿಮೇಟ್ ಮಾತ್ರ ಕೊಡಿ' ಎಂದು ಹೇಳಿ ಪಾಲಿಸಿ ಕಾಪಿ ಕೊಟ್ಟು ಬಂದರೆ ಸಂಜೆಗೆ ಕ್ಲೇಮ್ ನಂಬರ್ ಮೆಸೇಜ್ ಬಂದಿರುವುದುಂಟು. ಎಸ್ಟಿಮೇಟ್‌ಗೆ ಪಾಲಿಸಿ ಕಾಪಿ ಬೇಕಿಲ್ಲ. ಬ್ರಿಟನ್ನಿನಲ್ಲಿ ಇನ್ನೊಂದು ಬಗೆ ಇದೆ. ತಪ್ಪು ನಿಮ್ಮದಲ್ಲ ಎಂದ ಕೂಡಲೇ ಬಾಡಿಗೆ ಕಾರು ಕೊಡುವವರಿಗೆ ಕರೆ ದಾಟಿಸುತ್ತಾರೆ. 'ಉಚಿತ' ಎನ್ನುವ ಆ ಕಾರು ನಿಮ್ಮ ಹೆಸರಿನಲ್ಲಿ ಸಾಲದ ಕರಾರು, ಎದುರಿನ ಕಂಪನಿ ಬಾಡಿಗೆ ಕೊಡಲು ಒಪ್ಪದಿದ್ದರೆ ಬಿಲ್ಲು ತಿರುಗಿ ನಿಮ್ಮತ್ತ ಬರಬಹುದು. ಸಹಿ ಮಾಡುವ ಮುನ್ನ ಓದಿ.

ಕ್ಲೇಮ್ ಮಾಡುವುದೋ ಬೇಡವೋ

ಎನ್‌ಸಿಬಿ ಎಂದರೆ ಕ್ಲೇಮ್ ಇಲ್ಲದ್ದಕ್ಕೆ ಕೊಡುವ ರಿಯಾಯಿತಿ, ತಪ್ಪು ಮಾಡದ್ದಕ್ಕೆ ಕೊಡುವುದಲ್ಲ. ಕಂಪನಿ ನಿಮ್ಮ ಕಾರಿಗೆ ದುಡ್ಡು ಕೊಟ್ಟು ಅದು ವಾಪಸು ಬರದಿದ್ದರೆ, ನೀವು ನಿಂತ ಕಾರಿನಲ್ಲಿ ಸುಮ್ಮನೆ ಕೂತಿದ್ದರೂ ರಿಯಾಯಿತಿ ಹೋಗುತ್ತದೆ.

ಭಾರತದಲ್ಲಿ ಇದು ಇನ್ನೂ ಬಿಗಿ. ಎದುರಿನವರ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗೆ ಇರುವ) ವಿಮೆಯಿಂದ ಬಂಪರಿನ ಖರ್ಚು ವಸೂಲಿ ಮಾಡಲು ಕಾಯ್ದೆ ತೋರಿಸುವ ದಾರಿ ನ್ಯಾಯಮಂಡಳಿ. ಒಂದು ಬಂಪರಿಗಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ತಪ್ಪು ಅವರದಾದರೂ ರಿಪೇರಿ ನಿಮ್ಮದೇ ಪಾಲಿಸಿಯ ಓನ್ ಡ್ಯಾಮೇಜ್, ಅಂದರೆ ಸ್ವಂತ ಕಾರಿನ ಹಾನಿಯ, ಭಾಗದಲ್ಲಿ ಆಗುತ್ತದೆ, ಎನ್‌ಸಿಬಿ ಸೊನ್ನೆಗೆ ಇಳಿಯುತ್ತದೆ. ಎನ್‌ಸಿಬಿಯ ಮೆಟ್ಟಿಲುಗಳು ಶೇ. 20, 25, 35, 45, 50. ಇದು ಓನ್ ಡ್ಯಾಮೇಜ್ ಪ್ರೀಮಿಯಮ್ಮಿಗೆ ಮಾತ್ರ, ಥರ್ಡ್ ಪಾರ್ಟಿ ಭಾಗಕ್ಕೆ ಅನ್ವಯಿಸುವುದಿಲ್ಲ.

ಈಗ ಒಂದು ಲೆಕ್ಕ. ರಿಯಾಯಿತಿ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 100 ಎಂದುಕೊಳ್ಳಿ. ನೀವು ಶೇ. 50ರ ಮೆಟ್ಟಿಲಲ್ಲಿದ್ದರೆ ಪ್ರತಿ ವರ್ಷ 50 ಕಟ್ಟುತ್ತೀರಿ. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ 100, ಆಮೇಲೆ 80, 75, 65, 55, ಆರನೆಯ ವರ್ಷ ಮತ್ತೆ 50. ಹೆಚ್ಚಿಗೆ ಕಟ್ಟಿದ್ದು 50, 30, 25, 15, 5, ಒಟ್ಟು 125. ಅಂದರೆ ಒಂದು ಕ್ಲೇಮಿನ ನಿಜವಾದ ಬೆಲೆ ರಿಯಾಯಿತಿ ಇಲ್ಲದ ಒಂದೂಕಾಲು ವರ್ಷದ ಪ್ರೀಮಿಯಂ. ಶೇ. 20ರಲ್ಲಿರುವವರಿಗೆ ಇದೇ ಲೆಕ್ಕ ಹಾಕಿದರೆ ಸುಮಾರು 80 ಬರುತ್ತದೆ. ಕಾರಿನ ಐಡಿವಿ (ವಿಮೆಗಾಗಿ ಲೆಕ್ಕ ಹಿಡಿಯುವ ಕಾರಿನ ಬೆಲೆ) ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದು ರಿಪೇರಿ ಬಿಲ್ಲಲ್ಲ, ಅದರಲ್ಲಿ ಕಂಪನಿ ಕೊಡುವ ಪಾಲು. ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ, ಪೇಂಟಿಂಗಿನಲ್ಲೂ ಸಾಮಗ್ರಿಯ ವೆಚ್ಚಕ್ಕೆ ಶೇ. 50. ಬಂಪರಿನ ಹೊದಿಕೆ ಪೂರ್ತಿ ಪ್ಲಾಸ್ಟಿಕ್. ಅದರ ಮೇಲೆ ಶೋರೂಮಿನವರು ಫೈಲ್ ಚಾರ್ಜ್ ಎನ್ನುವ ಕಡ್ಡಾಯ ಕಡಿತ ಬೇರೆ. ಬರೀ ಹೊದಿಕೆ ಮತ್ತು ಬಣ್ಣದ ಕೆಲಸವಾದರೆ ಹೆಚ್ಚಿನ ಸಲ ಕೈಯಿಂದ ಕೊಟ್ಟು ಮಾಡಿಸುವುದೇ ಲಾಭ. ಬೀಮ್, ರಾಡಾರ್, ಹೆಡ್‌ಲೈಟ್ ಎಂದು ಸೇರಿದರೆ ಲೆಕ್ಕ ತಿರುಗುತ್ತದೆ. ಎನ್‌ಸಿಬಿ ಪ್ರೊಟೆಕ್ಟ್ (ಕ್ಲೇಮ್ ಮಾಡಿದರೂ ಎನ್‌ಸಿಬಿ ಉಳಿಸುವ ಸೌಲಭ್ಯ) ಇದ್ದರೂ ಅದಕ್ಕೆ ವರ್ಷಕ್ಕೆ ಇಷ್ಟೇ ಕ್ಲೇಮ್ ಎಂಬ ಮಿತಿ ಇರುತ್ತದೆ, ಈ ಗೀರಿಗೆ ಅದನ್ನು ಖರ್ಚು ಮಾಡಬೇಕೇ ಎಂದು ಯೋಚಿಸಿ. ಕ್ಲೇಮ್ ಮಾಡುವುದೇ ಆದರೆ ಸರ್ವೇ ಮುಗಿಯುವ ಮೊದಲು ರಿಪೇರಿ ಶುರು ಮಾಡಿಸಬೇಡಿ, ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯಲು ಬಿಡಬೇಡಿ.

ಬೇರೆ ಕಡೆ ದಾರಿಗಳು ಬೇರೆ. ಇಟಲಿಯಲ್ಲಿ 2007ರಿಂದ, ಕೆನಡಾದ ಆಂಟಾರಿಯೊದಲ್ಲೂ, ತಪ್ಪು ನಿಮ್ಮದಲ್ಲದಿದ್ದರೆ ಕಾರಿನ ಹಾನಿಯನ್ನು ನಿಮ್ಮದೇ ಕಂಪನಿ ನೇರವಾಗಿ ಕೊಡುವ ಏರ್ಪಾಡಿದೆ. ಅಂಥಲ್ಲಿ ನಿಮ್ಮ ಕಂಪನಿಗೆ ಹೇಳದೆ ಕೆಲಸವೇ ಆಗುವುದಿಲ್ಲ. ಬ್ರಿಟನ್ನಿನಲ್ಲಿ ನೇರವಾಗಿ ಎದುರಿನವರ ಕಂಪನಿಯನ್ನೇ ಕೇಳಬಹುದು, ಆದರೂ ನಿಮ್ಮ ಕಂಪನಿಗೆ ತಿಳಿಸುವ ಷರತ್ತು ಹಾಗೆಯೇ ಇರುತ್ತದೆ. ಅಲ್ಲಿನ 'ಫಾಲ್ಟ್ ಕ್ಲೇಮ್' ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಕಂಪನಿ ಕೊಟ್ಟ ಹಣ ಪೂರ್ತಿ ವಾಪಸು ಬಂದರೆ ಅದು ನಾನ್ ಫಾಲ್ಟ್, ಬರದಿದ್ದರೆ ಫಾಲ್ಟ್. ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಓಡಿಹೋದರೆ ದುಡ್ಡು ಕೊಡುವವರು ಸಿಗದ ಕಾರಣ ಅದೂ ಫಾಲ್ಟ್ ಎಂದೇ ಸೇರುತ್ತದೆ. ವಾಹನ ಸಂಖ್ಯೆಯ ಒಂದು ಫೋಟೊಗೆ ಎಷ್ಟು ಬೆಲೆ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ನಾನ್ ಫಾಲ್ಟ್ ಆಗಿದ್ದರೂ ಅಲ್ಲಿ ಕೆಲವು ಕಂಪನಿಗಳು ಪ್ರೀಮಿಯಂ ಏರಿಸುವುದುಂಟು. ನೀವು ಓಡಾಡುವ ರಸ್ತೆ, ನಿಲ್ಲಿಸುವ ಜಾಗ ಅಪಾಯದ್ದು ಎಂಬುದು ಅವರ ತರ್ಕ. ಅನ್ಯಾಯ ಎನ್ನಿಸಿದರೆ ತಪ್ಪಿಲ್ಲ. ಆದರೆ ಅದಕ್ಕೆ ಮದ್ದು ಬೇರೆ ಕಂಪನಿಯ ದರ ಕೇಳುವುದು, ಮುಚ್ಚಿಡುವುದಲ್ಲ.

ಫೈಲ್ ಚಾರ್ಜ್, ಸವಕಳಿಯ ಕಡಿತ, ಟೋಯಿಂಗ್, ಕಾರು ಇಲ್ಲದ ದಿನಗಳ ಓಡಾಟದ ಖರ್ಚು, ಇವು ಪಾಲಿಸಿಯಲ್ಲಿ ಬರದೆ ನಿಮ್ಮ ಕೈಯಿಂದ ಹೋದದ್ದು. ಎದುರಿನವರಿಂದ ಕೇಳಬೇಕಾದ ಮೊತ್ತ ಮುಖ್ಯವಾಗಿ ಇದು. ಬಿಲ್ಲುಗಳನ್ನು ಬೇರೆಯೇ ಇಡಿ.

'ಕ್ಯಾಶ್ ಕೊಡ್ತೀನಿ, ಇಲ್ಲೇ ಮುಗಿಸೋಣ'

ತಗೊಳ್ಳಲೇಬಾರದು ಎಂದೇನಿಲ್ಲ. ಗೀರು ಗೀರೇ ಆಗಿದ್ದಾಗ ಇದೇ ಎಲ್ಲರಿಗೂ ಸುಲಭ. ಕಷ್ಟ ಬರುವುದು 'ಪೂರ್ಣ ಮತ್ತು ಅಂತಿಮ' ಎಂದು ಬರೆದ ಕಾಗದಕ್ಕೆ ಸಹಿ ಹಾಕಿದಾಗ. ಬಂಪರ್ ಬಿಚ್ಚುವ ಮೊದಲೇ ಹಾಗೆ ಬರೆದುಕೊಟ್ಟರೆ ಆಮೇಲೆ ಕಂಡ ಹಾನಿಗೆ ಅವರನ್ನು ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತೀರಿ. ಅದರ ಜೊತೆಗೆ ನಿಮ್ಮ ಕಂಪನಿ ನಿಮ್ಮ ಪರವಾಗಿ ಅವರಿಂದ ವಸೂಲಿ ಮಾಡುವ ಹಕ್ಕೂ ಹೋಗುತ್ತದೆ. ಅದನ್ನು ನೀವೇ ಕಳೆದಿರಿ ಎಂಬ ಕಾರಣ ಕೊಟ್ಟು ಕಂಪನಿ ನಿಮ್ಮ ಕ್ಲೇಮಿಗೂ ತಕರಾರು ತೆಗೆಯಬಹುದು. ಮೊದಲು ವರ್ಕ್‌ಶಾಪಿನಲ್ಲಿ ಬಿಚ್ಚಿಸಿ ನೋಡಿ, ಆಮೇಲೆ ಮೊತ್ತ ಹೇಳಿ. ಯುಪಿಐನಲ್ಲೋ ಬ್ಯಾಂಕಿನಲ್ಲೋ ತಗೊಳ್ಳಿ, ರಸೀದಿಯಲ್ಲಿ 'ಹಿಂದಿನ ಬಂಪರಿನ ಹೊರಹೊದಿಕೆ ಮತ್ತು ಬಣ್ಣಕ್ಕೆ ಮಾತ್ರ' ಎಂದು ಬರೆಯಿರಿ. ಕ್ಯಾಶ್ ತಗೊಂಡು ಮುಗಿಸಿದರೂ ಕಂಪನಿಗೆ ಆ ನಾಲ್ಕು ಸಾಲಿನ ಮಾಹಿತಿ ಹೋಗಿರಲಿ.

ನವೀಕರಣದ ಫಾರ್ಮು

ಮುಂದಿನ ವರ್ಷ ಕಂಪನಿ ಬದಲಿಸುವಾಗ ಫಾರ್ಮಿನಲ್ಲಿ ಕೇಳಿದ್ದನ್ನು ಪದಪದ ಓದಿ. 'ಕ್ಲೇಮ್ ಮಾಡಿದ್ದೀರಾ' ಎಂದು ಕೇಳಿದರೆ ಮಾಹಿತಿ ಮಾತ್ರ ಕೊಟ್ಟವರ ಉತ್ತರ 'ಇಲ್ಲ'. 'ತಪ್ಪು ಯಾರದೇ ಆಗಿರಲಿ, ಕ್ಲೇಮ್ ಆಗಿರಲಿ ಬಿಡಲಿ, ಅಪಘಾತವಾಗಿದೆಯೇ' ಎಂದು ಕೇಳಿದರೆ ಉತ್ತರ 'ಹೌದು'. ಬ್ರಿಟನ್ನಿನ ಫಾರ್ಮುಗಳು ಸಾಮಾನ್ಯವಾಗಿ ಎರಡನೆಯ ಬಗೆಯವು, ಹಿಂದಿನ ಐದು ವರ್ಷದ್ದನ್ನು ಕೇಳುವುದೇ ಹೆಚ್ಚು. ಅಲ್ಲಿನ 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಕೇಳಿದ ಪ್ರಶ್ನೆಗೆ ಎಚ್ಚರದಿಂದ, ಸರಿಯಾಗಿ ಉತ್ತರಿಸುವ ಹೊಣೆ ನಿಮ್ಮದು. ಬೇಕೆಂದೇ ತಪ್ಪು ಹೇಳಿದ್ದರೆ ಪಾಲಿಸಿಯನ್ನೇ ರದ್ದು ಮಾಡಬಹುದು, ಅಜಾಗರೂಕತೆಯಾದರೆ ಕ್ಲೇಮಿನ ಮೊತ್ತದಲ್ಲಿ ಕಡಿತವಾಗಬಹುದು. ಅಲ್ಲಿನ ಕಂಪನಿಗಳೆಲ್ಲ ನೋಡುವ ಸಿಯುಇ ಎಂಬ ಹಂಚಿಕೆಯ ದತ್ತಾಂಶದಲ್ಲಿ ಬರೀ ಮಾಹಿತಿಯಾಗಿ ಹೇಳಿದ ಘಟನೆಗಳೂ ದಾಖಲಾಗುತ್ತವೆ, ಎದುರಿನವರು ಹೇಳಿದ್ದೂ ಸೇರುತ್ತದೆ. ಹಾಗಾಗಿ ನೀವು ಹೇಳದಿದ್ದರೂ ನಿಮ್ಮ ಹೆಸರು ಅಲ್ಲಿರಬಹುದು.

ಭಾರತದಲ್ಲಿ ಹೊಸ ಕಂಪನಿ ನಿಮ್ಮ ಎನ್‌ಸಿಬಿ ಘೋಷಣೆಯನ್ನು ಹಳೆಯ ಕಂಪನಿಯಿಂದ ಖಚಿತಪಡಿಸಿಕೊಳ್ಳುತ್ತದೆ. ಅದು ಸುಳ್ಳೆಂದು ತಿಳಿದರೆ ಓನ್ ಡ್ಯಾಮೇಜ್ ಭಾಗದ ಎಲ್ಲ ಸೌಲಭ್ಯವೂ ಕಳೆದುಹೋಗುತ್ತದೆ ಎಂಬ ಮುಚ್ಚಳಿಕೆಗೆ ನೀವೇ ಸಹಿ ಮಾಡಿರುತ್ತೀರಿ. ಇನ್ನೊಂದು ಸೂಕ್ಷ್ಮ ಇದೆ. ಎನ್‌ಸಿಬಿ ಸಿಗಬೇಕಾದರೆ ಆ ವರ್ಷ ಕ್ಲೇಮ್ ಆಗಿರಬಾರದು, ಬಾಕಿಯೂ ಇರಬಾರದು. ಗೊತ್ತಿಲ್ಲದೆ ನೋಂದಾಯಿಸಿದ ಕ್ಲೇಮ್ ಮುಚ್ಚದೆ ಹಾಗೇ ಬಿದ್ದಿದ್ದರೆ, ಒಂದು ರೂಪಾಯಿ ಪಡೆಯದಿದ್ದರೂ ನವೀಕರಣದ ದಿನ ಎನ್‌ಸಿಬಿ ಕಾಣುವುದಿಲ್ಲ. ಪಾಲಿಸಿ ಮುಗಿಯಲು ಒಂದು ತಿಂಗಳು ಇರುವಾಗಲೇ ಕಂಪನಿಗೆ ಬರೆದು, ಕ್ಲೇಮ್ ಹಿಂತೆಗೆದುಕೊಳ್ಳಲಾಗಿದೆ, ಹಣ ಪಾವತಿಯಾಗಿಲ್ಲ, ಎನ್‌ಸಿಬಿ ಶೇಕಡಾ ಇಷ್ಟು ಎಂದು ಪತ್ರ ತರಿಸಿಕೊಳ್ಳಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಹೇಗೂ ಎನ್‌ಸಿಬಿ ಇಲ್ಲ, ಆದ್ದರಿಂದ ಈ ಪತ್ರಕ್ಕೆ ಕಾಯುತ್ತಾ ನವೀಕರಣ ತಡ ಮಾಡಬೇಡಿ.

ವಕೀಲರ ನೋಟಿಸೋ ನ್ಯಾಯಮಂಡಳಿಯ ಸಮನ್ಸೋ ಬಂದರೆ ಉತ್ತರ ನೀವೇ ಬರೆಯಲು ಕೂರಬೇಡಿ. ಬಂದ ದಿನವೇ ಸ್ಕ್ಯಾನ್ ಮಾಡಿ, ಹಳೆಯ ಉಲ್ಲೇಖ ಸಂಖ್ಯೆ ಹಾಕಿ ಕಂಪನಿಗೆ ಕಳಿಸಿ, ಲಕೋಟೆಯನ್ನೂ ಇಟ್ಟುಕೊಳ್ಳಿ. ಅಂಚೆಯ ತಾರೀಖಿನ ಮುದ್ರೆ ಅದರ ಮೇಲಿರುತ್ತದೆ.